ಗೆರೆ ದಾಟಿದ ದಿವಾನ

ದೊಡ್ಡ ಹೊದಿಕೆಯನ್ನು ಒಬ್ಬರೇ ಹಿಂಡಲು ಆಗುವುದಿಲ್ಲ. ಒಂದು ತುದಿ ಅಮ್ಮನ ಕೈಯಲ್ಲಿ, ಇನ್ನೊಂದು ಮಗಳ ಕೈಯಲ್ಲಿ. ಮಗಳು ತನ್ನ ತುದಿಯನ್ನು ಎದೆಗೊತ್ತಿ ಗಟ್ಟಿಯಾಗಿ ಹಿಡಿದು ನಿಲ್ಲಬೇಕು, ಅಮ್ಮ ತಿರುಚಬೇಕು. ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಅದೇ ನಡೆದಿತ್ತು. ಹೊದಿಕೆ ಹಗ್ಗದಂತೆ ಹುರಿಗೊಂಡು ನೀರು ಸುರಿಸುತ್ತಿರುವಾಗ ಕ್ಲಿಪ್ಪಿನ ಬುಟ್ಟಿಯೊಳಗಿದ್ದ ಫೋನು ಬೆಂಕಿ ಆರಿಸುವ ಗಾಡಿಯ ಹಾಗೆ ಊಳಿಟ್ಟಿತು. ಮಗಳು ಬೆಚ್ಚಿ ಕೈ ಬಿಟ್ಟಳು. ಅಷ್ಟು ಹೊತ್ತು ಉಜ್ಜಿ ಒಗೆದ ಹೊದಿಕೆ ತಾರಸಿಯ ಧೂಳಿಗೆ ಬಿತ್ತು.

ಅಮ್ಮ ಬೈಯಲಿಲ್ಲ. ಬೈದರೆ ಹೊದಿಕೆ ಶುದ್ಧವಾಗುತ್ತದೆಯೇ? ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಫೋನು ಎತ್ತಿದಳು. ಪರದೆಯ ಮೇಲೆ ಕೆಂಪು ಅಕ್ಷರ ಮಿನುಗುತ್ತಿತ್ತು: ‘ನಿಮ್ಮ ಮುದ್ದಿನ ಸದಸ್ಯ ಗೆರೆ ದಾಟಿದ್ದಾನೆ.’

"ದಿವಾನಂದಾ ಅಮ್ಮ?" ಮಗಳು ಕತ್ತು ಉದ್ದ ಮಾಡಿದಳು.

ದಿವಾನ ಅಮ್ಮನ ಅತ್ತೆಯ ನಾಯಿ. ಅತ್ತೆ ಇರುವುದು ಊರಿನ ಆಚೆ ತುದಿಯಲ್ಲಿ, ಹಿರಿಮಗನ ಮನೆಯಲ್ಲಿ. ಹಿರಿಮಗ ಅಂದರೆ ಅಮ್ಮನಿಗೆ ಭಾವ. ನಾಯಿಗೆ ಆ ಹೆಸರು ಬಂದದ್ದು ಅದರ ನಡಿಗೆಯಿಂದ. ಇಡೀ ರಾಜ್ಯದ ಭಾರವೆಲ್ಲ ತನ್ನ ತಲೆಯ ಮೇಲೇ ಇದೆ ಎನ್ನುವಂತೆ ಮೆಲ್ಲಗೆ, ಗಂಭೀರವಾಗಿ ಓಡಾಡುತ್ತಿತ್ತು. ಈಗ ವಯಸ್ಸಾಗಿ ಹಿಂಗಾಲು ಸೋತಿವೆ. ಬಾಗಿಲ ಮುಂದಿನ ಮೆಟ್ಟಿಲು ಇಳಿಯಬೇಕಾದರೂ ನಿಂತು ದೀರ್ಘವಾಗಿ ಆಲೋಚಿಸಿ, ಎಷ್ಟೋ ಸಲ ಬೇಡವೆಂದು ತೀರ್ಮಾನಿಸಿ ಹಿಂತಿರುಗುತ್ತದೆ. ಅಂಥವನು ಗೆರೆ ದಾಟುವುದೆಂದರೇನು!

ಗೆರೆ ಎಳೆದವರು ಭಾವ. ಅವರದು ಟೈಲ್ಸ್ ಅಂಗಡಿ. ಕೊಂಡ ವಸ್ತು ಹತ್ತು ಜನರ ಕಣ್ಣಿಗೆ ಬೀಳದಿದ್ದರೆ ಅವರಿಗೆ ಅದು ಕೊಂಡ ಹಾಗೇ ಅಲ್ಲ. ನಾಯಿ ಎಲ್ಲಿದೆ ಎಂದು ಫೋನಿಗೆ ಹೇಳುವ ಈ ಕೊರಳಪಟ್ಟಿ ಬಂದಾಗಲೂ ಮನೆಮಂದಿಯನ್ನೆಲ್ಲ ಕರೆಸಿ, ನಡುಮನೆಯಲ್ಲಿ ಕೂರಿಸಿ, ದಿವಾನನನ್ನು ಮೇಜಿನ ಮೇಲೆ ನಿಲ್ಲಿಸಿ ಭಾಷಣ ಮಾಡಿದ್ದರು. ಆಕಾಶದಲ್ಲಿ ಉಪಗ್ರಹಗಳು ಇವರ ಮನೆ ನಾಯಿಯ ಮೇಲೇ ಕಣ್ಣಿಟ್ಟು ತಿರುಗುತ್ತಿವೆಯಂತೆ. ಫೋನಿನ ನಕ್ಷೆಯಲ್ಲಿ ತಮ್ಮ ಮನೆಯ ಸುತ್ತ ಬೆರಳಿನಿಂದ ಒಂದು ಉಂಗುರ ಎಳೆದರು. ಪಕ್ಕದ ಮನೆಯ ಅರ್ಧ ಕೈತೋಟವೂ ಅದರೊಳಗೆ ಸೇರಿತು. ಆ ಉಂಗುರದಿಂದ ಒಂದು ಗೇಣು ಆಚೆ ಹೋದರೂ ಫೋನು ಕೂಗುತ್ತದೆ, ಒಂದು ಗೇಣು ಅಂದರೆ ಒಂದೇ ಗೇಣು, ಸುಳ್ಳೇ ಇಲ್ಲ ಅಂದರು. ಮೆಟ್ಟಿಲು ಇಳಿಯಲಾರದ ನಾಯಿಗೆ ಉಪಗ್ರಹ ಯಾಕೆ ಎಂದು ಯಾರೂ ಕೇಳಲಿಲ್ಲ. ಆ ಮನೆಯಲ್ಲಿ ಭಾವ ಮಾತಾಡುವಾಗ ಕೇಳುವ ಪದ್ಧತಿ ಇಲ್ಲ, ತಲೆಯಾಡಿಸುವ ಪದ್ಧತಿ ಇದೆ. ಕೊನೆಗೆ ಎಲ್ಲರ ಫೋನನ್ನೂ ಕಸಿದುಕೊಂಡು ಒಂದೊಂದರಲ್ಲೂ ಆ ಪಟ್ಟಿಯ ಆ್ಯಪನ್ನು ಹಾಕಿಕೊಟ್ಟರು.

ದಿವಾನ ಗೇಟಿನ ಬಳಿ ಮೂಸಲು ಹೋದಾಗಲೆಲ್ಲ ಅದು ಅರಚಿತು. ವಾರ ಕಳೆಯುವುದರೊಳಗೆ ಒಬ್ಬೊಬ್ಬರೇ ತೆಗೆದುಹಾಕಿದರು. ಎಲ್ಲರಿಗಿಂತ ಮೊದಲು ಬಾಯಿ ಮುಚ್ಚಿಸಿದ್ದು ಭಾವನೇ. ಗಿರಾಕಿಗಳ ಮುಂದೆ ಮುಜುಗರ ಅಂತ. ಆಮೇಲೆ ಅಂಥದ್ದೊಂದು ಇದೆ ಎಂಬುದನ್ನೇ ಮರೆತರು. ಕೊಂಡ ವಸ್ತುವನ್ನು ಮರೆಯುವುದರಲ್ಲಿ ಅವರದು ಎತ್ತಿದ ಕೈ. ಅವರ ಕೋಣೆಯಲ್ಲಿರುವ, ನಿಂತಲ್ಲೇ ನಡೆಯುವ ವ್ಯಾಯಾಮದ ಯಂತ್ರದ ಮೇಲೆ ಈಗ ಒಣಗಿದ ಬಟ್ಟೆ ಬೀಳುತ್ತವೆ. ಕಿರಿಸೊಸೆಯಾದ ಇವಳ ಫೋನಿನಲ್ಲಿ ಮಾತ್ರ ಅದು ಉಳಿದದ್ದು ಅತ್ತೆಯ ಮಾತಿಗೆ. "ನಿನ್ನ ಹತ್ರ ಇರ್ಲಿ ಕಣೇ, ನಂಗೊಂದು ಧೈರ್ಯ," ಅಂದಿದ್ದರು. ಈಗ ಅತ್ತೆ ಮಂಡಿಯ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರಿ, ನಾಳೆ ಮನೆಗೆ ಬರುವವರಿದ್ದರು. ಮೊನ್ನೆ ಅತ್ತೆಯ ಸೀರೆ ತರಲು ಹೋದಾಗ ಇವಳೇ ಆ ಪಟ್ಟಿಯನ್ನು ಚಾರ್ಜಿಗೆ ಹಾಕಿ, ತಿರುಗಿ ದಿವಾನನ ಕೊರಳಿಗೆ ಕಟ್ಟಿ ಬಂದಿದ್ದಳು.

ನಕ್ಷೆಯಲ್ಲಿ ನೀಲಿ ಚುಕ್ಕೆ ಉಂಗುರದಿಂದ ಹೊರಬಿದ್ದು ದೊಡ್ಡ ರಸ್ತೆಯ ಮೇಲೆ ಹೋಗುತ್ತಿತ್ತು.

"ಅಮ್ಮಾ, ದಿವಾನ ಓಡ್ತಿದಾನೆ! ಕಾಲು ಸರಿಹೋಯ್ತಾ ಅವನಿಗೆ?"

ಚುಕ್ಕೆ ರೈಲ್ವೆ ಗೇಟು ದಾಟಿತು. ಸೇತುವೆ ದಾಟಿತು. ಬೇಕರಿ ಇರುವ ಮೂಲೆಯಲ್ಲಿ ಕೊಂಚ ನಿಂತಿತು, ಮತ್ತೆ ಹೊರಟು ಹೆದ್ದಾರಿಗೆ ಬಿತ್ತು. ಮಗಳು ಚಪ್ಪಾಳೆ ತಟ್ಟುತ್ತಿದ್ದಳು. ಅಮ್ಮನ ಇನ್ನೊಂದು ಕೈಯಲ್ಲಿ ಉಳಿದಿದ್ದ ಹೊದಿಕೆಯ ತುದಿಯೂ ಮೆಲ್ಲಗೆ ಜಾರಿ ನೆಲಕ್ಕಿಳಿಯಿತು. ಊರು ಮುಗಿದು, ಲಾರಿಗಳನ್ನು ತೂಗುವ ಹಳೆಯ ಕಟ್ಟೆಯ ಹತ್ತಿರ ಚುಕ್ಕೆ ನಿಂತಿತು. ಹಾಗೇ ನಿಂತೇ ಇತ್ತು.

ಭಾವನಿಗೆ ಫೋನು ಮಾಡಿದಳು. ಕೈ ಒದ್ದೆಯಾದ್ದರಿಂದ ಫೋನನ್ನು ಗೋಡೆಯ ಮೇಲಿಟ್ಟು, ಮಾತು ಹೊರಗೆ ಕೇಳುವ ಹಾಗೆ ಮಾಡಿಕೊಂಡಳು. ಭಾವ ಅಂಗಡಿಯಲ್ಲಿದ್ದರಂತೆ. ಭಾನುವಾರವಲ್ಲವೇ, ಜನ ಮುಗಿಬಿದ್ದಿದ್ದಾರಂತೆ, ತಲೆ ತುರಿಸಲೂ ಪುರುಸೊತ್ತಿಲ್ಲವಂತೆ. ದಿವಾನ ಮನೆಯಲ್ಲೇ ಇರಬೇಕಲ್ಲ, ಬೆಳಿಗ್ಗೆ ನೋಡಿದ ಹಾಗಿತ್ತು ಅಂದರು. ಅವಳು ಚುಕ್ಕೆಯ ವಿಷಯ ಹೇಳಿದಳು.

"ಅದು... ಅದನ್ನ ಇನ್ನೂ ಇಟ್ಕೊಂಡಿದೀಯಾ ನೀನು?" ಅಂದರು. ಆಮೇಲೆ ದನಿ ಸರಿಮಾಡಿಕೊಂಡು, "ಅಯ್ಯೋ, ಅದೆಲ್ಲ ಬರೀ ಆಟದ ಸಾಮಾನಮ್ಮ. ಬಾಯಿಗೆ ಬಂದಿದ್ದು ತೋರ್ಸತ್ತೆ. ನಂಬ್ಕೊಂಡು ಕೂತ್ರೆ ಆಯ್ತು ಕಥೆ."

ಅಷ್ಟರಲ್ಲಿ ಭಾವನ ಅಂಗಡಿಯೊಳಗಿಂದ ಒಬ್ಬ ಹೆಂಗಸು ಬಹಳ ಮರ್ಯಾದೆಯ ದನಿಯಲ್ಲಿ ಹೇಳಿದಳು: ‘ಮುಂದೆ ಬಲಕ್ಕೆ ಯು-ಟರ್ನ್ ತೆಗೆದುಕೊಳ್ಳಿ.’

ಭಾವ ಫೋನು ಕತ್ತರಿಸಿದರು.

ದಾರಿ ತೋರಿಸುವ ಆ ಕಾರಿನ ಹೆಂಗಸಿನ ಬಗ್ಗೆಯೂ ಒಂದು ಕಾಲದಲ್ಲಿ ಭಾಷಣವಾಗಿತ್ತು. ಒಂದು ಯಂತ್ರದ ಬಾಯಿ ಮುಚ್ಚಿಸಿದ ಮಹಾನುಭಾವರು ಇನ್ನೊಂದರ ಬಾಯಿ ಮುಚ್ಚಿಸುವುದನ್ನು ಮರೆತಿದ್ದರು. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಶ್ರದ್ಧೆ ಬೇಕು. ಜೀವನದಲ್ಲಿ ಯಾರೂ ಎದುರು ಕೇಳದವರಿಗೆ ಆ ಅಭ್ಯಾಸ ಎಲ್ಲಿಂದ ಬರಬೇಕು?

ಮಗಳ ಹುಬ್ಬು ಗಂಟಾಗಿತ್ತು. "ಅಮ್ಮ, ಅಂಗಡೀಲಿ ಯಾಕೆ ಯು-ಟರ್ನ್..."

"ಈಗ ಬೇಡ ಮರಿ," ಅಂದಳು ಅಮ್ಮ. "ಚಪ್ಪಲಿ ಹಾಕ್ಕೋ."

ಕೆಳಗೆ ಗಂಡ ಪೇಪರು ಓದುತ್ತ ಕೂತಿದ್ದ. ಅವನಿಗೆ ಮುದ್ರಣಾಲಯದಲ್ಲಿ ಕೆಲಸ. ವಾರವೆಲ್ಲ ಕಾಗದ ಕತ್ತರಿಸುವ ಯಂತ್ರವನ್ನು ನಡುಗದ ಕೈಯಿಂದ ನಡೆಸುವವನು ಅಣ್ಣನ ಹೆಸರು ಬಂದರೆ ಸಾಕು, ನೆನೆದ ಕಾಗದದಂತೆ ಮಡಚಿಕೊಳ್ಳುತ್ತಿದ್ದ. ಎಲ್ಲ ಕೇಳಿಸಿಕೊಂಡು, ಅಣ್ಣ ಅಂಥ ಕೆಲಸ ಮಾಡುವವರಲ್ಲ ಅಂದ. ಕಾರಿನ ಹೆಂಗಸಿನ ಮಾತು ಹೇಳಿದಾಗ, ರೇಡಿಯೋ ಇರಬಹುದು ಅಂದ. ಅವಳು ಅವನನ್ನೇ ನೋಡುತ್ತ ನಿಂತಳು. ಅವನು ಪೇಪರಿನ ಪುಟ ತಿರುವಿದ. ಸ್ಕೂಟರಿನ ಕೀಲಿ ಗೋಡೆಯ ಮೊಳೆಯಲ್ಲಿತ್ತು, ತೆಗೆದುಕೊಂಡಳು.

ಹೆದ್ದಾರಿಯಲ್ಲಿ ಲಾರಿಗಳು ಸ್ಕೂಟರನ್ನು ಹುಳುವಿನಂತೆ ಕಂಡು ಪಕ್ಕಕ್ಕೆ ತಳ್ಳುತ್ತಿದ್ದವು. ಹಿಂದೆ ಕೂತ ಮಗಳು ಫೋನು ಹಿಡಿದು, ಇನ್ನೂ ಮುಂದೆ, ಇನ್ನೂ ಮುಂದೆ ಎನ್ನುತ್ತಿದ್ದಳು. ದಾರಿಯುದ್ದಕ್ಕೂ ಅಮ್ಮ ನೆನೆಸಿಕೊಳ್ಳುತ್ತಿದ್ದದ್ದು ಭಾವನ ಹೊಸ ಸೋಫಾ. ಹಾಲಿನ ಬಿಳುಪು. ಕಳೆದ ತಿಂಗಳು ದಿವಾನ ಅದರ ಕಾಲಿನ ಬಳಿ ತಡೆಯಲಾರದೆ ಉಚ್ಚೆ ಹೊಯ್ದಿದ್ದ. ಮುದಿ ಪ್ರಾಣಿ, ಹಿಡಿತ ತಪ್ಪಿದೆ. ಅತ್ತೆ ತಾವೇ ಕುಂಟುತ್ತ ಬಟ್ಟೆ ತಂದು ಒರೆಸಿದ್ದರು. ಅಂದು ಭಾವ ಒಂದು ಮಾತೂ ಆಡಿರಲಿಲ್ಲ. ಎಷ್ಟು ದೊಡ್ಡ ಮನಸ್ಸು ಎಂದುಕೊಂಡಿದ್ದಳು ಇವಳು. ಈಗ ತಿಳಿಯಿತು, ಅದು ಮನಸ್ಸಲ್ಲ, ಹೊಂಚು. ತಾಯಿ ಆಸ್ಪತ್ರೆ ಸೇರುವುದನ್ನೇ ಕಾಯುತ್ತಿದ್ದರು ಪುಣ್ಯಾತ್ಮರು.

ಲಾರಿ ತೂಗುವ ಕಟ್ಟೆ ಪಾಳುಬಿದ್ದಿತ್ತು. ಅದರ ಮುಂದೆ, ರಸ್ತೆಯಿಂದ ಒಂದು ಮಾರು ಒಳಗೆ, ದಿವಾನ ಮುಂಗಾಲೂರಿ ಕೂತಿದ್ದ. ಊರಿನ ಕಡೆಗೆ ಮುಖ. ಕಾರು ಬಂದಾಗಲೆಲ್ಲ ಅರ್ಧ ಏಳುತ್ತಿದ್ದ. ಕಾರು ಮುಂದೆ ಹೋದ ಮೇಲೆ ಕುಸಿಯುತ್ತಿದ್ದ. ಇವರನ್ನು ಕಂಡು ಬಾಲ ಒಮ್ಮೆ ನೆಲಕ್ಕೆ ಬಡಿದ, ಅಷ್ಟೇ, ಮತ್ತೆ ಕಣ್ಣು ರಸ್ತೆಗೆ ನೆಟ್ಟ. ನೀವು ಬಂದದ್ದು ಸಂತೋಷ, ಆದರೆ ನಾನು ಇಲ್ಲಿ ಒಬ್ಬರಿಗಾಗಿ ಕಾಯುತ್ತಿದ್ದೇನೆ ಎನ್ನುವ ಹಾಗೆ.

ಪಕ್ಕದಲ್ಲಿ ಬೇಕರಿಯ ಕಾಗದದ ಮೇಲೆ ಒಂದು ಬನ್ನು ಬಿದ್ದಿತ್ತು. ಇಡೀ ಬನ್ನು, ಮೂಸಿಯೂ ನೋಡಿರಲಿಲ್ಲ. ಬೆಣ್ಣೆ ಕರಗಿ ಇರುವೆ ಮುತ್ತಿದ್ದವು.

ಮಗಳು ಬನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಆ ಮುಖದಲ್ಲಿ ತಾರಸಿಯ ಮೇಲಿದ್ದ ಚಪ್ಪಾಳೆಯ ಖುಷಿ ಒಂದಿಷ್ಟೂ ಉಳಿದಿರಲಿಲ್ಲ. ಬನ್ನನ್ನು ನೋಡಿದಳು, ರಸ್ತೆಯನ್ನು ನೋಡಿದಳು, ದಿವಾನನ ಹಿಂಗಾಲುಗಳನ್ನು ನೋಡಿದಳು. ಶಾಲೆಯಲ್ಲಿ ಕೂಡುವ ಲೆಕ್ಕ ಮಾಡುವಾಗಲೂ ಹೀಗೇ, ತುಟಿ ಅಲ್ಲಾಡುತ್ತಿರುತ್ತಿತ್ತು.

"ಅಮ್ಮ..."

"ಮನೇಲಿ ಮಾತಾಡೋಣ ಕಂದ. ಮೊದಲು ಇವನನ್ನ ಎತ್ತೋಣ, ಹಿಂದೆ ಹಿಡ್ಕೋ."

ಎತ್ತುವಾಗ ಮುದುಕ ಬರಲೊಲ್ಲೆನೆಂದು ಮೈಭಾರ ಬಿಟ್ಟ. ಸ್ಕೂಟರಿನ ಮುಂದೆ ಕಾಲಿಡುವ ಜಾಗದಲ್ಲಿ ಅವನನ್ನು ಮಡಚಿ ಮಲಗಿಸಿ, ತನ್ನ ಎರಡೂ ಕಾಲು ಹೊರಗೆ ಚಾಚಿ, ದಾರಿಯಲ್ಲಿ ಹೋಗುವವರು ನಗುತ್ತಿದ್ದರೂ ಲೆಕ್ಕಿಸದೆ ನಿಧಾನಕ್ಕೆ ಮನೆ ಮುಟ್ಟಿಸಿದಳು. ಬಂದವಳು ಮೊದಲು ಮಾಡಿದ ಕೆಲಸ, ಆ ಪಟ್ಟಿಯನ್ನು ಬಿಚ್ಚಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎಸೆದದ್ದು.

ನಾಯಿಯನ್ನು ಕಂಡು ಗಂಡನಿಗೆ ತಲೆಯ ಮೇಲಿನ ಬೆಟ್ಟ ಇಳಿಸಿದಂತಾಯಿತು. ಸಿಕ್ಕಿತಲ್ಲ, ಇನ್ನೇನು, ನಾಳೆ ತಲುಪಿಸಿದರಾಯಿತು ಅಂದ. ಯಾರು ಬಿಟ್ಟರು, ಯಾಕೆ ಬಿಟ್ಟರು ಎಂದೆಲ್ಲ ಕೆದಕುವುದು ಯಾಕೆ, ಅಮ್ಮ ಮನೆಗೆ ಬರುವ ಹೊತ್ತಿನಲ್ಲಿ ರಾದ್ಧಾಂತ ಬೇಡ ಅಂದ. ಅವಳು ದಿವಾನನ ಬಟ್ಟಲಿಗೆ ಹಾಲು ಸುರಿಯುತ್ತ, ತಗ್ಗಿದ ದನಿಯಲ್ಲೇ ಹೇಳಿದಳು:

"ತಲುಪಿಸಿದ್ರೆ ಮುಂದಿನ ಸಲ ಪಟ್ಟಿ ಬಿಚ್ಚಿಟ್ಟು ಕರ್ಕೊಂಡು ಹೋಗ್ತಾರೆ. ಆಗ ಯಾವ ಚುಕ್ಕೆ ನೋಡ್ಕೊಂಡು ಹುಡುಕ್ಲಿ ನಾನು?"

ಇಕ್ಕಟ್ಟಿಗೆ ಸಿಕ್ಕಾಗ ಗಂಡ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಾನೆ. ಹಚ್ಚಿಕೊಳ್ಳಲು ಹೋದ.

ಅವಳ ಮನಸ್ಸಿನಲ್ಲಿದ್ದದ್ದು ಇಷ್ಟೇ. ಅತ್ತೆಯೂ ದಿವಾನನೂ ಇಲ್ಲೇ, ತಮ್ಮ ಮನೆಯಲ್ಲೇ ಇರಲಿ. ಹೊಲಿಗೆ ಯಂತ್ರ ಸರಿಸಿದರೆ ಒಂದು ಮಂಚಕ್ಕೆ ಜಾಗವಾಗುತ್ತದೆ, ಮಂಚದ ಕೆಳಗೆ ದಿವಾನನಿಗೆ. ಆದರೆ ಹಿರಿಮಗನ ಮನೆಯೇ ತನ್ನ ಮನೆ ಎಂದುಕೊಂಡ ಅತ್ತೆ ಸುಮ್ಮಸುಮ್ಮನೆ ಎದ್ದು ಬರುವವರಲ್ಲ. ನಿಜ ತಿಳಿದರೆ ಮಾತ್ರ ಬಂದಾರು. ನಿಜವನ್ನು ಯಾರಾದರೂ ಹೇಳಬೇಕು, ಅದೂ ಭಾವನ ಎದುರಿಗೇ. ಹಿಂದಿನಿಂದ ಹೇಳಿದರೆ ಚಾಡಿಯಾಗುತ್ತದೆ, ಚಾಡಿಯನ್ನು ಭಾವ ಒಂದು ನಗೆಯಲ್ಲಿ ಒರೆಸಿಹಾಕುತ್ತಾರೆ. ಮದುವೆಯಾಗಿ ಬಂದಂದಿನಿಂದ ಆ ಮನುಷ್ಯನ ಮುಂದೆ ಇವಳು ಆಡಿದ ಮಾತೆಂದರೆ ‘ಕಾಫಿ ತರ್ಲಾ ಭಾವ’, ‘ಸಕ್ಕರೆ ಸಾಕಾ ಭಾವ’. ಆ ಬಾಯಿಂದಲೇ ಈಗ ಇದು ಬರಬೇಕು. ಅಲ್ಲಿಯವರೆಗೆ ದಿವಾನ ಸಿಕ್ಕ ವಿಷಯ ಯಾರಿಗೂ ಹೇಳಬಾರದೆಂದು ಗಂಡನಿಂದಲೂ ಮಗಳಿಂದಲೂ ಮಾತು ತೆಗೆದುಕೊಂಡಳು. ಮಗಳು ತಲೆಯಾಡಿಸಿದಳು, ಆದರೆ ಮಲಗುವವರೆಗೂ ಬಾಯಿ ತೆರೆಯುವುದು, ಅಮ್ಮನ ಮುಖ ನೋಡುವುದು, ಮುಚ್ಚುವುದು ನಡೆದೇ ಇತ್ತು.

ಮರುದಿನ ಮಗಳ ಶಾಲೆ ಬಿಟ್ಟ ಮೇಲೆ ಮೂವರೂ ಭಾವನ ಮನೆಗೆ ಹೋದರು. ದಿವಾನನನ್ನು ಹಿತ್ತಲಿನಲ್ಲಿ ಕಟ್ಟಿ, ನೀರಿಟ್ಟು ಬಂದಿದ್ದರು.

ಅತ್ತೆ ಆಗಲೇ ಬಂದಿದ್ದರು. ಬಿಳಿ ಸೋಫಾ ಬಿಟ್ಟು ಮೂಲೆಯ ಗಟ್ಟಿ ಕುರ್ಚಿಯಲ್ಲಿ ಕೂತಿದ್ದರು, ಮಂಡಿಗೆ ದಪ್ಪ ಬಟ್ಟೆ ಸುತ್ತಿತ್ತು. ಸೋಫಾದ ನಟ್ಟನಡುವೆ ಭಾವ. ಅವರ ಪಕ್ಕದಲ್ಲಿ ಓರಗಿತ್ತಿ ತನ್ನ ಉಗುರುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದಳು. ಈ ಅಕ್ಕನಿಗೆ ಎಲ್ಲ ಗೊತ್ತಿದೆ ಎಂದು ಇವಳಿಗೆ ಆ ಉಗುರುಗಳಿಂದಲೇ ತಿಳಿಯಿತು.

ಭಾವ ಆಗಲೇ ಕಥೆ ಶುರು ಮಾಡಿದ್ದರು, ಇವರು ಬಂದದ್ದರಿಂದ ಮತ್ತೆ ಮೊದಲಿನಿಂದ ಹೇಳಿದರು. ನಿನ್ನೆ ಬೆಳಿಗ್ಗೆ ಗೇಟು ತೆರೆದಿತ್ತಂತೆ. ದಿವಾನ ಹೋದದ್ದು ಯಾರ ಗಮನಕ್ಕೂ ಬರಲಿಲ್ಲವಂತೆ. ತಾವು ಗಿರಾಕಿಗಳನ್ನು ಬಿಟ್ಟು ಓಡಿಬಂದು, ಬೀದಿ ಬೀದಿ ಅಲೆದು, ಕೊನೆಗೆ ಪಾರ್ಕಿನ ಬೆಂಚಿನ ಮೇಲೆ ಕೂತು ಮಗುವಿನ ಹಾಗೆ ಅತ್ತರಂತೆ. ಇಲ್ಲಿ ಕರವಸ್ತ್ರ ತೆಗೆದು ಒಣಗಿದ ಕಣ್ಣು ಒರೆಸಿಕೊಂಡರು. ಒರೆಸಿಕೊಂಡು ಕರವಸ್ತ್ರವನ್ನು ಮಡಿಕೆ ಕೆಡದ ಹಾಗೆ ಮತ್ತೆ ಜೇಬಿಗಿಟ್ಟರು. ಸಾಯುವ ಕಾಲ ಬಂದಾಗ ಪ್ರಾಣಿಗಳು ಮನೆಯವರಿಗೆ ನೋವಾಗಬಾರದೆಂದು ತಾವೇ ದೂರ ಹೋಗಿಬಿಡುತ್ತವಂತೆ, ಎಲ್ಲೋ ಓದಿದ್ದರಂತೆ.

ಅತ್ತೆ ಅಳಲಿಲ್ಲ. ಕುರ್ಚಿಯ ಕೈಯನ್ನು ಸವರುತ್ತ, ತಮಗೆ ತಾವೇ ಹೇಳಿಕೊಂಡರು:

"ನಾನು ಹೇಳದೇ ಆಸ್ಪತ್ರೆಗೆ ಹೋದೆ ನೋಡು. ಬಿಟ್ಟು ಹೋದ್ಲು ಇವಳು ಅಂದ್ಕೊಂಡು ಹುಡ್ಕೊಂಡು ಹೋಗಿರ್ತಾನೆ. ನಂದೇ ತಪ್ಪು."

"ಇರಬಹುದಮ್ಮ," ಅಂದರು ಭಾವ, ಬಹಳ ಮೃದುವಾಗಿ. "ಪಾಪ, ಅದಕ್ಕೇನು ಗೊತ್ತಾಗತ್ತೆ."

ಕಿರಿಸೊಸೆ ತಲೆಯೆತ್ತಿ ಭಾವನ ಮುಖ ನೋಡಿದಳು. ಒಬ್ಬ ಮನುಷ್ಯ ಇಷ್ಟು ಅಗ್ಗವಾಗಬಲ್ಲನೇ? ನಾಯಿಯನ್ನು ಬೀದಿಗೆ ಹಾಕಿದ್ದೊಂದು, ಆ ಪಾಪವನ್ನು ಹೊಲಿಗೆ ಹಾಕಿದ ಮಂಡಿಯ ಮುದುಕಿಯ ತೊಡೆಯ ಮೇಲಿಟ್ಟು ಪಾಪ ಎನ್ನುವುದೊಂದು! ಹೇಳಬೇಕು, ಈಗಲೇ ಹೇಳಬೇಕು ಎಂದು ಬಾಯಿ ತೆರೆದಳು. ಅವಳು ತಡವರಿಸುವಷ್ಟರಲ್ಲಿ ಗಂಡ, ತಾಯಿಯ ಮುಖ ನೋಡಲಾರದೆ, ಕೊಟ್ಟ ಮಾತು ಮುರಿದ.

"ಅಮ್ಮ, ದಿವಾನ ನಮ್ಮನೇಲಿದಾನೆ. ಸಿಕ್ಕಿದಾನೆ. ಹುಷಾರಾಗಿದಾನೆ."

ಅತ್ತೆಯ ಎರಡೂ ಕೈ ಬಾಯಿಗೆ ಹೋದವು. ಓರಗಿತ್ತಿಯ ಉಗುರು ಪರೀಕ್ಷೆ ನಿಂತಿತು. ಭಾವನ ಮುಖದ ಮೇಲೆ ಒಂದೇ ಒಂದು ಗಳಿಗೆ ಬಣ್ಣ ಹೋಯಿತು. ಹೋದ ಬಣ್ಣ ಎಷ್ಟು ಬೇಗ ವಾಪಸು ಬಂತೆಂದರೆ, ಈ ಮನುಷ್ಯ ಟೈಲ್ಸ್ ಮಾರುವುದರಲ್ಲಿ ಯಾಕೆ ಮುಂದೆ ಬಂದ ಎಂದು ಯಾರಿಗಾದರೂ ಅರ್ಥವಾಗುತ್ತಿತ್ತು.

"ನೋಡಿದ್ರಾ!" ಅಂದರು ತೊಡೆ ತಟ್ಟಿ. "ಪಟ್ಟಿ ಕೆಲಸ ಮಾಡ್ತು! ಅವತ್ತೇ ಹೇಳಿದ್ನಲ್ಲ, ಒಂದು ಗೇಣು ಆಚೆ ಹೋದ್ರೂ ಗೊತ್ತಾಗತ್ತೆ ಅಂತ. ಎಲ್ಲರೂ ಒಳಗೊಳಗೆ ನಗ್ತಿದ್ರಿ. ನಾನು ಹಾಕ್ಸಿದ್ದಕ್ಕೆ ತಾನೇ ಇವತ್ತು ಜೀವ ಉಳೀತು?"

ನಿನ್ನೆಯ ಆಟದ ಸಾಮಾನು ಇಂದು ಪ್ರಾಣದಾತ. ಅತ್ತೆ ಹಿರಿಮಗನನ್ನು ಹತ್ತಿರ ಕರೆದು, ಅವರ ಕೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು. ನೀನಿಲ್ಲದಿದ್ದರೆ ಏನು ಗತಿಯಾಗುತ್ತಿತ್ತೋ ಮಗನೇ ಅಂದರು. ಭಾವ ಕೈ ಕೊಟ್ಟು ನಿಂತರು. ಸ್ವಲ್ಪವೂ ನಾಚಿಕೆಯಿಲ್ಲದೆ, ಹಾರ ಹಾಕಿಸಿಕೊಳ್ಳಲು ಕತ್ತು ಬಗ್ಗಿಸುವವರ ಹಾಗೆ. ಇವತ್ತೇ ಹೋಗಿ ಕರೆತರುತ್ತೇನೆ, ಇನ್ನು ಮೇಲೆ ನಾನೇ ಖುದ್ದಾಗಿ ನೋಡಿಕೊಳ್ಳುತ್ತೇನೆ ಅಂದರು. ಆ ‘ಖುದ್ದಾಗಿ’ ಕೇಳಿ ಇವಳಿಗೆ ದಿವಾನನ ಪಟ್ಟಿಯಿಲ್ಲದ ಕೊರಳು ಕಣ್ಣ ಮುಂದೆ ಬಂತು. ಭಾವ ಆಗಲೇ ಕಾರಿನ ಕೀಲಿ ಹುಡುಕುತ್ತಿದ್ದರು. ಗಂಡ ನೆಲದ ಟೈಲ್ಸಿನ ಹೂವನ್ನು ನೋಡುತ್ತಿದ್ದ. ಅವನಿಂದ ಇನ್ನೊಂದು ಮಾತು ಈ ಜನ್ಮದಲ್ಲಿ ಹೊರಡುವುದಿಲ್ಲ.

ಬಂದು ಕೂತಾಗಿನಿಂದ ಅವಳ ಅಂಗೈ ಮಗಳ ಮೊಣಕಾಲಿನ ಮೇಲಿತ್ತು. ಮಾತಾಡಬೇಡ ಎಂದು ಒತ್ತಿ ಇಟ್ಟದ್ದು. ಮಗಳು ಬಾಯಿ ತೆರೆದು ಅಮ್ಮನನ್ನು ನೋಡಿದಳು, ನಿನ್ನೆಯಿಂದ ನೋಡುತ್ತಿದ್ದ ಹಾಗೆಯೇ. ಈಗ ಬೇಡ ಮರಿ ಎನ್ನುವುದು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂತು. ಇದೇ ಮಾತನ್ನು ತನಗೂ ಯಾರೋ ಹೇಳಿಕೊಟ್ಟಿದ್ದರಲ್ಲ, ಹೇಳಿಕೊಟ್ಟದ್ದನ್ನು ಕಲಿತು ತಾನು ಇಂದು ಇಲ್ಲಿ ಹೀಗೆ ಕೂತಿದ್ದೇನಲ್ಲ ಅನ್ನಿಸಿತು.

ಅವಳು ಮಗಳ ಮೊಣಕಾಲಿನಿಂದ ಕೈ ತೆಗೆದಳು.

ಮಗಳು ಕುರ್ಚಿಯಿಂದ ಇಳಿದು, ಬಾಗಿಲ ಕಡೆ ಹೊರಟಿದ್ದ ಭಾವನ ಮುಂದೆ ಹೋಗಿ ನಿಂತಳು. ಜಗಳದ ದನಿಯಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳುವವರ ದನಿ.

"ದೊಡ್ಡಪ್ಪ, ನಿನ್ನೆ ನೀವು ದಿವಾನನ್ನ ಕಾರಲ್ಲಿ ಅಷ್ಟು ದೂರ ಕರ್ಕೊಂಡು ಹೋಗಿ, ಬನ್ನು ಕೊಟ್ಟು, ಅಲ್ಲೇ ಯಾಕೆ ಬಿಟ್ಟು ಬಂದ್ರಿ?"